ಇತ್ತ ಬಂದ ದೋಣಿ

"ಇನ್ನೊಂದ್ಸಲ ಹಾಕು," ಎಂದಳು ಸಾರ್ಜೆಂಟ್ ಡರ್ವಲಾ.

"ಇದು ಐದನೇ ಸಲ, ಸಾರ್ಜೆಂಟ್," ಎಂದ ಗ್ಯಾವಿನ್. ಆದರೂ ಗುಂಡಿ ಒತ್ತಿದ. ಅವನು ಡಬ್ಲಿನ್ನಿನ ಹುಡುಗ. ಈ ಕಡಲಂಚಿನ ಠಾಣೆಗೆ ಬಂದು ಎಂಟು ತಿಂಗಳಾಗಿದ್ದರೂ ಊರವರೆಲ್ಲ ಆಡುವ ಐರಿಷ್ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ ಮಾತು: 'ಹೇಗಿದ್ದೀರಿ', 'ಮಳೆ ಬರ್ತಿದೆ'. ಎರಡನೆಯದು ಕಲಿತರೆ ಇಲ್ಲಿ ಜೀವನ ಸಾಗುತ್ತದೆ ಎಂದು ಊರವರು ನಗುತ್ತಿದ್ದರು.

ಧ್ವನಿಮುದ್ರಣದ ಯಂತ್ರದಿಂದ ದ್ವೀಪದ ಬಾರ್ಟ್ಲಿಯ ಮುದಿದನಿ ಬಂತು. ಕೆಮ್ಮು. ಕುರ್ಚಿ ಎಳೆದ ಸದ್ದು. ಆಮೇಲೆ ಅದೇ ವಾಕ್ಯ: ಸೋಮವಾರ ನಾಲ್ಕು ಗಂಟೆಗೆ ನಾನು ಇಲ್ಲಿ, ಈ ದಡದ ದಕ್ಕೆಯಲ್ಲಿ ನಿಂತಿದ್ದೆ. ಇಬ್ಬರು ಕೂತಿದ್ದ ದೋಣಿ ದಾಟೋದನ್ನ ನೋಡಿದೆ. ಅರ್ಧ ನೀರಿಗೆ ಬರೋ ಹೊತ್ತಿಗೆ ಅದರಲ್ಲಿ ಒಬ್ಬನೇ ಇದ್ದ.

"ನಿಲ್ಸು."

ಈ ಒಂದು ಹೇಳಿಕೆಯ ಮೇಲೆ ನೆಸ್ಟರ್ ಎಂಬ ಫಿಲಿಪಿನೋ ದೋಣಿಗನನ್ನು ಮಂಗಳವಾರ ಡರ್ವಲಾಳೇ ಬಂಧಿಸಿದ್ದಳು. ಎದುರಿನ ದ್ವೀಪಕ್ಕೆ ಹೊರಟಿದ್ದ ಭಾಷಾ ಇಲಾಖೆಯ ಅಧಿಕಾರಿ ಫಿನ್‌ಬಾರ್‌ನನ್ನು ನಡುನೀರಿನಲ್ಲಿ ತಳ್ಳಿ ಕೊಂದನೆಂಬ ಆರೋಪ. ಇಂದು ಮಧ್ಯಾಹ್ನ ಎರಡಕ್ಕೆ ಅವನನ್ನು ಗಾಲ್ವೇ ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. ಈಗ ಎಂಟೂವರೆ.

ಡರ್ವಲಾ ಕಾಗದದ ಮೇಲೆ ಎರಡು ಕಾಲಂ ಎಳೆದಿದ್ದಳು. ನಲವತ್ತು ನಿಮಿಷದ ಹೇಳಿಕೆಯಿಂದ ಹೆಕ್ಕಿದ, ದಿಕ್ಕು ಹೇಳುವ ಹನ್ನೆರಡು ಪದಗಳು ಅದರಲ್ಲಿದ್ದವು. ಹನ್ನೊಂದು ತಮ್ಮ ಜಾಗದಲ್ಲಿದ್ದವು. ಒಂದರ ಸುತ್ತ ಅವಳು ಪೆನ್ಸಿಲ್ ತಿರುಗಿಸುತ್ತಲೇ ಇದ್ದಳು.

"ಇಂಗ್ಲಿಷ್ ಅನುವಾದ ಇದೆಯಲ್ಲ," ಎಂದ ಗ್ಯಾವಿನ್. "'ದೋಣಿಯು ಜಲಸಂಧಿಯನ್ನು ದಾಟುತ್ತಿತ್ತು.' ಅವ್ರು ಹೇಳಿದ್ದು ಅಷ್ಟೇ ತಾನೆ?"

"ನಮ್ಮ ಭಾಷೇಲಿ ಸುಮ್ನೆ ದಾಟೋಕಾಗಲ್ಲ ಗ್ಯಾವಿನ್. ಯಾವ ದಡದಲ್ಲಿ ನಿಂತು ಮಾತಾಡ್ತಿದ್ದೀವಿ ಅಂತ ಹೇಳಿಯೇ ದಾಟ್ಬೇಕು. ನಾನಿರೋ ಕಡೆಯಿಂದ ಆಚೆಗೆ ಹೋದ್ರೆ 'ಅನೂನ್'. ಆಚೆಯಿಂದ ನಾನಿರೋ ಕಡೆ ಬಂದ್ರೆ 'ಅನಾಲ್'. ಈಗ ಹೇಳು. ನಮ್ಮ ದಕ್ಕೆಯಿಂದ ದೋಣಿ ಹೊರಡ್ತು. ನೀನು ದಕ್ಕೆಯಲ್ಲೇ ನಿಂತಿದ್ದೀಯ. ಅದು ಹೇಗೆ ಹೋಯ್ತು?"

"ಅನೂನ್."

"ಬಾರ್ಟ್ಲಿ ಅಂದಿದ್ದು ಅನಾಲ್."

ಗ್ಯಾವಿನ್ ಕಾಗದ ನೋಡಿದ. ಕಿಟಕಿಯಾಚೆ ಎರಡು ಕಿಲೋಮೀಟರ್ ದೂರದಲ್ಲಿ, ನೈಋತ್ಯಕ್ಕೆ, ನೀರಿನ ಮೇಲೆ ಬೆನ್ನು ಬಗ್ಗಿಸಿ ಮಲಗಿದ್ದ ಇನಿಶ್ ಲ್ಯಾಕನ್ ದ್ವೀಪವನ್ನು ನೋಡಿದ.

"ಅಂದ್ರೆ ಅವ್ರು ನಿಂತಿದ್ದು ಅಲ್ಲಿ."

"ಬಾಯಿ ಸುಳ್ಳು ಹೇಳ್ತು. ಕಾಲು ನಿಂತಿದ್ದ ಜಾಗ ಮಾತ್ರ ತಾನಾಗೇ ಆಚೆ ಬಂತು."

ಮಂಗಳವಾರ ನೆಸ್ಟರ್ ಇದೇ ಮೇಜಿನೆದುರು ಕೂತು, ತಡವರಿಸುವ ಐರಿಷ್‌ನಲ್ಲಿ ಹೇಳಿದ್ದ: ಅವರನ್ನ ಅನೂನ್ ಬಿಟ್ಟೆ, ಒಬ್ಬನೇ ಅನಾಲ್ ಬಂದೆ. ಎರಡೂ ಪದ ಸರಿಯಾಗಿದ್ದವು. ಹೊರಗಿನವನು ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಅವನನ್ನು ಒಳಗೆ ಹಾಕಿದ್ದಳು.

ಆ ಎರಡು ಪದಗಳನ್ನು ಅವಳು ಕಲಿತದ್ದು ದ್ವೀಪದ ಶಾಲೆಯ ಅಂಗಳದಲ್ಲಿ. ನೋರೀನ್ ಟೀಚರ್ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದು, ಇದು ಸಮುದ್ರ ಎನ್ನುತ್ತಿದ್ದರು. ಮಕ್ಕಳು ಗೆರೆ ಹಾರಬೇಕು. ಹಾರುವಾಗ ಸರಿಯಾದ ಪದ ಕೂಗಬೇಕು. ತಪ್ಪಿದವರು ಮುಳುಗಿದಂತೆ. ಡರ್ವಲಾ ಏಳು ವರ್ಷದವಳಿದ್ದಾಗ ದಿನಕ್ಕೆ ನಾಲ್ಕು ಸಲ ಮುಳುಗುತ್ತಿದ್ದಳು.

ಬಾರ್ಟ್ಲಿಯ ಹೇಳಿಕೆಯನ್ನು ಇಂಗ್ಲಿಷಿಗೆ ತಂದದ್ದೂ ನೋರೀನ್ ಟೀಚರೇ. ಮಂಗಳವಾರ ಡರ್ವಲಾ ಫಿನ್‌ಬಾರ್‌ನ ಹೆಣ ಸಿಕ್ಕ ಬಂಡೆಗಳ ಮೇಲಿದ್ದಳು. ಠಾಣೆಯಲ್ಲಿ ಗ್ಯಾವಿನ್ ಒಬ್ಬನೇ. ಟೀಚರ್ ತಾವಾಗಿಯೇ ಮುದುಕನ ಜೊತೆ ಬಂದು ನೆರವಾಗಿದ್ದರು. ಪಾಪ, ಇಂಗ್ಲಿಷಿನಲ್ಲಿ ಅಷ್ಟು ಚಿಕ್ಕ ಪದ ಎಲ್ಲಿದೆ ಎಂದುಕೊಂಡು ಡರ್ವಲಾ ಆ ಯೋಚನೆಯನ್ನು ಬದಿಗಿಟ್ಟಳು.

ಗಾಲ್ವೇಯ ಇನ್‌ಸ್ಪೆಕ್ಟರ್ ಫೋನಿನಲ್ಲಿ ಸಮಾಧಾನದಿಂದಲೇ ಕೇಳಿಸಿಕೊಂಡರು.

"ಒಂದು ಪದಕ್ಕೋಸ್ಕರ ಕೋರ್ಟ್ ನಿಲ್ಲಿಸೋಕಾಗಲ್ಲಮ್ಮ. ಮುದುಕರು, ಬಾಯಿ ತಪ್ತು ಅಂತಾರೆ. ಮುಗೀತು."

"ಬಿಸಿಲೂ ಇದೆ ಸರ್. ಸೋಮವಾರ ಮೋಡ ಇರ್ಲಿಲ್ಲ. ಅಕ್ಟೋಬರ್‌ನಲ್ಲಿ ನಾಲ್ಕು ಗಂಟೆಗೆ ನಮ್ಮ ದಕ್ಕೆಯಲ್ಲಿ ನಿಂತು ದ್ವೀಪದ ಕಡೆ ನೋಡಿದ್ರೆ ಸೂರ್ಯ ಹೆಚ್ಚುಕಮ್ಮಿ ಎದುರಿಗೇ, ಕೆಳಗೆ. ನೀರು ಪೂರ್ತಿ ಹೊಳೀತಿರುತ್ತೆ. ನಿನ್ನೆ ಅದೇ ಹೊತ್ತಿಗೆ ನಾನೇ ಹೋಗಿ ನಿಂತಿದ್ದೆ. ದೋಣಿ ಕಂಡ್ರೆ ಹೆಚ್ಚು. ಒಳಗೆ ಎಷ್ಟು ಜನ ಅಂತ ಎಣಿಸೋಕೆ ಸಾಧ್ಯಾನೇ ಇಲ್ಲ. ದ್ವೀಪದಲ್ಲಿ ನಿಂತ್ರೆ ಸೂರ್ಯ ಬೆನ್ನಿಗೆ. ಸ್ಪಷ್ಟವಾಗಿ ಕಾಣುತ್ತೆ."

ಆಚೆ ಕಾಗದ ಮಗುಚಿದ ಸದ್ದು. "ಮಧ್ಯಾಹ್ನ ಎರಡರೊಳಗೆ ಮುದುಕನ ಬಾಯಲ್ಲೇ ಹೇಳ್ಸು. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

*

ಹತ್ತೂವರೆಗೆ ಠಾಣೆಯ ದೋಣಿ ಹೊರಟಿತು. ಗ್ಯಾವಿನ್ ಚುಕ್ಕಾಣಿ ಹಿಡಿದಿದ್ದ. ಗಾಳಿ ಇರಲಿಲ್ಲ, ನೀರು ತಗಡಿನಂತೆ ಚಪ್ಪಟೆಯಾಗಿತ್ತು.

"ನನಗೊಂದು ಅರ್ಥ ಆಗಲ್ಲ," ಎಂದ ಅವನು. "ಭಾಷೆ ಮಾತಾಡೋ ಮನೆ ಎಣಿಸೋಕೆ ಬಂದವನನ್ನ ಯಾಕೆ ಕೊಲ್ತಾರೆ?"

"ಇಪ್ಪತ್ತು ಮನೇಲಿ ದಿನಾ ಐರಿಷ್ ಮಾತಾಡಿದ್ರೆ ದ್ವೀಪ ಸರ್ಕಾರದ ಪಟ್ಟೀಲಿ ಉಳಿಯುತ್ತೆ. ಆಗ ಶಾಲೆ ಇರುತ್ತೆ, ದಿನದ ದೋಣಿ ಇರುತ್ತೆ. ದೋಣಿ ಇದ್ರೆ ಕರು ಮಾರ್ಬಹುದು, ಮೇವು ತರ್ಬಹುದು, ಮೀನು ಆ ದಿನವೇ ಪೇಟೆ ಸೇರುತ್ತೆ. ಹೊಲದ ನೆರವು, ಮೀನಿನ ನೆರವು, ಎಲ್ಲ ಆ ಒಂದು ದಾರಕ್ಕೆ ಕಟ್ಟಿದೆ. ಹತ್ತೊಂಬತ್ತಾದ್ರೆ ದಾರ ಕತ್ತರಿಸ್ತಾರೆ."

"ಒಂದೇ ಮನೆ ಕಮ್ಮಿಯಾದ್ರೆ?"

ಡರ್ವಲಾ ಮುಖವನ್ನು ದ್ವೀಪದ ಕಡೆ ತಿರುಗಿಸಿದಳು. ದ್ವೀಪದಲ್ಲಿ ಬೀಗ ಹಾಕಿದ ಮನೆಗಳಲ್ಲಿ ಅವಳ ಅಪ್ಪನದೂ ಒಂದು.

"ಒಂದು ದೋಣಿನೂ ಇಲ್ಲ ನೋಡಿ," ಎಂದ ಗ್ಯಾವಿನ್ ಸುತ್ತ ನೋಡಿ. "ಎಷ್ಟು ನಿಶ್ಶಬ್ದ." ನಿಜ. ದಡದಿಂದ ದಡದವರೆಗೆ ಖಾಲಿ ನೀರು. ಒಂದು ಸೀಲ್ ಪ್ರಾಣಿ ಮಾತ್ರ ತಲೆಯೆತ್ತಿ ನೋಡಿ ಮುಳುಗಿತು.

*

ಬಾರ್ಟ್ಲಿ ದ್ವೀಪದ ದಕ್ಕೆಯಲ್ಲೇ ಕೂತಿದ್ದ. ಎಪ್ಪತ್ತೆಂಟು ವರ್ಷ, ಮೊಣಕಾಲಿನವರೆಗೆ ರಬ್ಬರ್ ಬೂಟು, ಪಕ್ಕದಲ್ಲಿ ಲಾಬ್‌ಸ್ಟರ್ ಬೋನುಗಳ ಸಾಲು. ಮೊಟ್ಟೆ ಹೊತ್ತ ಒಂದು ಹೆಣ್ಣು ಲಾಬ್‌ಸ್ಟರನ್ನು ಮಗುಚಿ ಹಿಡಿದು, ಇಕ್ಕಳದಂಥ ಸಾಧನದಿಂದ ಬಾಲದ ಗರಿಗೆ ಒಂದು ಕಚ್ಚು ಹಾಕುತ್ತಿದ್ದ.

"ಬಾ ಪ್ಯಾಟ್‌ಚಿನ್ನನ ಮಗಳೇ. ಅಪ್ಪನ ಮನೆ ಬೀಗ ತೆಗೆಯೋಕೆ ಬಂದ್ಯಾ? ತೆಗೆದಿದ್ರೆ ನಾವು ಇಪ್ಪತ್ತಾಗ್ತಿದ್ವಿ."

"ಗೊತ್ತು ಬಾರ್ಟ್ಲಿ."

"ಈ ಡಬ್ಲಿನ್ ದೊರೆ ಇನ್ನೂ ಬದುಕಿದ್ದಾನಾ? ಮಳೆ ಬರ್ತಿದೆಯೇನಪ್ಪಾ?"

ಗ್ಯಾವಿನ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತನ್ನ ಐರಿಷ್‌ನಲ್ಲಿ, ಮಳೆ ಬರ್ತಿದೆ ಎಂದ. ಮುದುಕ ನಕ್ಕ. ಡರ್ವಲಾ ಅವನೆದುರಿನ ಬೋನಿನ ಮೇಲೆ ಕೂತಳು.

"ಈ ಕಚ್ಚು ಯಾಕೆ ಅಂತ ಇವನಿಗೆ ಹೇಳಿ."

"ಕಚ್ಚು ಬಿದ್ದ ಹೆಣ್ಣನ್ನ ಯಾರೂ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಸರ್ಕಾರದ ಕಾನೂನು. ಅವಳು ನೀರಲ್ಲಿದ್ದು ಮರಿ ಮಾಡ್ತಾಳೆ. ಈ ಕಡಲಲ್ಲಿ ಇದಕ್ಕೆ ಮೊದಲು ಒಪ್ಪಿಕೊಂಡವನು ನಾನೇ. ಎಲ್ರೂ ಬೈದ್ರು. ಈಗ ನೋಡು, ಬೋನಿನ ತುಂಬ." ಲಾಬ್‌ಸ್ಟರನ್ನು ನೀರಿಗೆ ಬಿಟ್ಟ. "ನಮಗೂ ಹಂಗೇ ಒಂದು ಕಚ್ಚು ಬೇಕಿತ್ತು. ಇಪ್ಪತ್ತು ಮನೆ. ಆಮೇಲೆ ಯಾರೂ ಮುಟ್ತಿರ್ಲಿಲ್ಲ."

"ಸೋಮವಾರ ನಾಲ್ಕಕ್ಕೆ ಎಲ್ಲಿದ್ರಿ?"

"ಹೇಳಿದ್ನಲ್ಲ. ಆಚೆ ದಕ್ಕೇಲಿ."

"ದೋಣಿ ಹೇಗೆ ಬಂತು?"

"ಇಬ್ರು ಕೂತಿದ್ರು. ಅರ್ಧ ನೀರಿಗೆ—"

"ಅದಲ್ಲ. ಹೇಗೆ ಬಂತು? ನೀವು ಹೇಳಿದ ಪದ ಹೇಳಿ."

ಬಾರ್ಟ್ಲಿಯ ಕೈ ಮುಂದಿನ ಲಾಬ್‌ಸ್ಟರಿನ ಮೇಲೆ ನಿಂತಿತು. ಅವನು ದಡ್ಡನಲ್ಲ. ಪದ ನೆನಪಾದದ್ದು ಅವನ ಕಣ್ಣಿನಲ್ಲೇ ಕಂಡಿತು.

"ಅನಾಲ್ ಅಂದಿರ್ಬೇಕು," ಎಂದ ನಿಧಾನವಾಗಿ. "ಅದಕ್ಕೇನೀಗ? ನನ್ನ ಮನೆ ಇಲ್ಲಿದೆ. ಎಪ್ಪತ್ತೆಂಟು ವರ್ಷ ಇಲ್ಲೇ ಕಳೆದಿದ್ದೀನಿ. ನನಗೆ ಬರೋದು ಅಂದ್ರೆ ಈ ಕಡೆ ಬರೋದೇ."

"ನಾನೂ ಹಾಗೇ ಅಂದ್ಕೊಂಡೆ. ಅದಕ್ಕೇ ಪೂರ್ತಿ ಎಣಿಸಿದೆ." ಕಾಗದ ಬಿಡಿಸಿದಳು. "ಭಾನುವಾರ ನಿಮ್ಮ ಮಗ ದ್ವೀಪಕ್ಕೆ ಬಂದ. ಠಾಣೇಲಿ ಕೂತು ನೀವು ಅಂದಿದ್ದು ಅನೂನ್. ಮೇವಿನ ಮೂಟೆ ದ್ವೀಪಕ್ಕೆ ಬಂತು. ಅನೂನ್. ಪಾದ್ರಿ ಪೂಜೆಗೆ ದ್ವೀಪಕ್ಕೆ ಬರೋದು, ಅದೂ ಅನೂನ್. ಮನೆ ಇಲ್ಲಿದ್ರೂ ನಾಲಿಗೆ ಕಾಲಿದ್ದ ಕಡೇನೇ ಇತ್ತು ಬಾರ್ಟ್ಲಿ. ಹನ್ನೊಂದು ಸಲ ಸರಿ. ಆ ಒಂದು ದೋಣಿ ಮಾತ್ರ ನಿಮ್ಮ ಕಡೆಗೆ ಬಂತು. ಯಾಕಂದ್ರೆ ಅದು ಬಂದಿದ್ದನ್ನ ನೀವು ಕಣ್ಣಾರೆ ನೋಡಿದ್ರಿ. ಇಲ್ಲಿ ನಿಂತು."

ಬಾರ್ಟ್ಲಿ ಇಕ್ಕಳ ಕೆಳಗಿಟ್ಟ.

"ಎಷ್ಟು ಜನ ಇದ್ರು ದೋಣೀಲಿ, ಇಲ್ಲಿಗೆ ಮುಟ್ಟಿದಾಗ?"

ಅಲೆಯೊಂದು ದಕ್ಕೆಯ ಕಲ್ಲಿಗೆ ತಾಗಿ ಹಿಂದೆ ಸರಿಯಿತು. ಮತ್ತೊಂದು.

"ಇಬ್ರು," ಎಂದ ಬಾರ್ಟ್ಲಿ.

ಗ್ಯಾವಿನ್ ತನಗೆ ಅರ್ಥವಾಗದ ಆ ಪದವನ್ನು ಮುದುಕನ ಎರಡು ಬೆರಳಿನಿಂದ ಅರ್ಥ ಮಾಡಿಕೊಂಡು ಬರೆದುಕೊಂಡ.

"ನೆಸ್ಟರ್ ಅವನನ್ನ ಇಳಿಸಿ ಹೋದ. ನಾನೂ ಫಿನ್‌ಬಾರೂ ಇಲ್ಲೇ ಜಗಳ ಆಡಿದ್ವಿ. ಎಷ್ಟಾಯ್ತು ಅಂದೆ. ಹತ್ತೊಂಬತ್ತು ಅಂದ. ಇನ್ನೇನೋ ಹೇಳೋಕೆ ಬಂದ, ನಾನು ಕೇಳ್ಲಿಲ್ಲ. ದಕ್ಷಿಣದ ಕಾರ್ಕ್‌ನವನು ನೀನು, ನಮ್ಮ ಮಾತು ಅಳೆಯೋಕೆ ನೀನ್ಯಾರು ಅಂದೆ. ಬಾಯಿಗೆ ಬಂದಂಗೆ ಬೈದೆ. ಆಮೇಲೆ ಹಸು ಹೊಡ್ಕೊಂಡು ಬರೋಕೆ ಹೋದೆ. ಅವನು ಶಾಲೆ ದಾರಿ ಹಿಡಿದ. ನನ್ನ ಕೈ ಅವನ ಮೇಲೆ ಬಿದ್ದಿಲ್ಲ ಮಗಳೇ."

"ಮತ್ತೆ ನೆಸ್ಟರ್ ಮೇಲೆ ಯಾಕೆ ಹೇಳಿದ್ರಿ?"

"ಅನುಮಾನ ನಮ್ಮವರ ಮೇಲೆ ಬಂದ್ರೆ ದ್ವೀಪಾನೇ ಮುಗೀತು, ಅವನಿಗೇನಾಗುತ್ತೆ, ಅವನ ದೇಶಕ್ಕೆ ಕಳಿಸ್ತಾರೆ, ಅಷ್ಟೇ ಅಂತ ಅಂದ್ಲು."

"ಯಾರು?"

ಮುದುಕ ಬೋನಿನ ಹಗ್ಗ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಅವನಿಗೆ ಕೊಲೆಗೆ ಜೀವಾವಧಿ ಶಿಕ್ಷೆ ಆಗುತ್ತೆ ಬಾರ್ಟ್ಲಿ. ಇನ್ನು ಎರಡೂವರೆ ಗಂಟೇಲಿ ಕಟಕಟೇಲಿ ನಿಲ್ತಾನೆ. ಮೂರು ವರ್ಷದಿಂದ ನಿಮ್ಮ ಮೇವು ಹೊತ್ತವನು. ನಿಮ್ಮ ಹೆಂಡತಿ ಹೋದಾಗ ಪೆಟ್ಟಿಗೆಗೆ ಹೆಗಲು ಕೊಟ್ಟವನು."

"ಅದನ್ನ ನೆನಪಿಸ್ಬೇಡ."

"ಯಾರು ಹೇಳಿದ್ದು?"

"ನೋರೀನ್." ಹೆಸರು ಹೇಳಿದ ಮೇಲೆ ಬಾರ್ಟ್ಲಿ ಒಮ್ಮೆಲೇ ಇನ್ನಷ್ಟು ಮುದುಕನಾದ. "ಮಂಗಳವಾರ ಹೆಣ ಸಿಕ್ಕಿದ ಮೇಲೆ ಮನೆಗೆ ಬಂದ್ಲು. ಕೈಲಿ ಫಿನ್‌ಬಾರ್‌ನ ಎಣಿಕೆ ಪುಸ್ತಕ. ಬಂಡೆ ದಾರೀಲಿ ಬಿದ್ದಿತ್ತು ಅಂದ್ಲು. ನಾವು ಫೇಲು ಅಂತ ಬರೆದಿದ್ದಾನೆ, ಓದ್ಬೇಡ, ನಿನ್ನ ಕೈಯಾರೆ ಸುಟ್ಟುಬಿಡು, ಆಗ ನೀನೂ ಎಲ್ಲೂ ಬಾಯಿ ಬಿಡಲ್ಲ ಅಂದ್ಲು. ಹೇಳಿಕೇನ ಇಂಗ್ಲಿಷಲ್ಲಿ ನಾನೇ ಬರೆದುಕೊಡ್ತೀನಿ, ಜೊತೆಗೆ ಬರ್ತೀನಿ ಅಂದ್ಲು. ನಾನು ಬೇರೇನೂ ಕೇಳ್ಲಿಲ್ಲ. ಕೇಳದೇ ಇದ್ದಿದ್ದೇ ನನ್ನ ತಪ್ಪು."

ಡರ್ವಲಾಳ ಕಣ್ಣ ಮುಂದೆ ಸೀಮೆಸುಣ್ಣದ ಗೆರೆ ಹಾದುಹೋಯಿತು. ಇಂಗ್ಲಿಷಿನಲ್ಲಿ ಪದವಿಲ್ಲ ಎಂದು ತಾನು ಬೆಳಗ್ಗೆ ಕ್ಷಮಿಸಿದ್ದು ನೆನಪಾಯಿತು. 'ದೋಣಿ ನಮ್ಮ ಕಡೆಗೆ ಬರುತ್ತಿತ್ತು' ಎಂದು ಬರೆದಿದ್ದರೆ ಸಾಕಿತ್ತು. ಮೂರನೇ ತರಗತಿಯ ಮಗುವೂ ಬರೆಯುತ್ತಿತ್ತು. ಆ ಗೆರೆ ಎಳೆದವರ ಕಿವಿಗೆ ಆ ಪದ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಕೇಳಿಸಿತ್ತು. ಒರೆಸಿ ಹಾಕಿದ್ದರು.

"ಪುಸ್ತಕ ಸುಟ್ರಾ?"

ಬಾರ್ಟ್ಲಿ ಎದ್ದು, ಬಲೆ ಇಡುವ ಶೆಡ್ಡಿಗೆ ಹೋಗಿ, ಬಿಸ್ಕತ್ತಿನ ಡಬ್ಬಿ ತಂದ. ಒಳಗೆ ನೀರು ಹಿಡಿಯದ ಹಳದಿ ರಟ್ಟಿನ ಪುಸ್ತಕ.

"ನಮ್ಮೆಲ್ಲರ ಹೆಸರೂ ಇದರಲ್ಲಿದೆ. ಹೆಸರುಗಳನ್ನ ಒಲೆಗೆ ಹಾಕೋದು ಹೆಂಗೆ?" ಎಂದ. "ನಾಲ್ಕು ದಿನದಿಂದ ತೆಗೆದು ನೋಡ್ತೀನಿ, ಮುಚ್ಚಿಡ್ತೀನಿ. ನನಗೆ ಇಂಗ್ಲಿಷ್ ಆದ್ರೆ ಓದೋಕೆ ಬರುತ್ತೆ. ನಮ್ಮ ಕಾಲ್ದಲ್ಲಿ ಐರಿಷ್ ಓದೋಕೆ ಯಾರು ಕಲಿಸಿದ್ರು? ಮಾತಾಡ್ತೀವಿ ಅಷ್ಟೇ."

ಇಡೀ ಜಲಸಂಧಿಯಲ್ಲಿ ಇವನಷ್ಟು ಚೆಂದದ ಐರಿಷ್ ಆಡುವವರಿಲ್ಲ ಎಂದು ರೇಡಿಯೋದವರು ಬಂದು ಅವನ ದನಿ ಹಿಡಿದುಕೊಂಡು ಹೋಗಿದ್ದರು. ಆ ಮನುಷ್ಯ ತನ್ನದೇ ಭಾಷೆಯಲ್ಲಿದ್ದ ಪುಸ್ತಕವನ್ನು ಕುರುಡನಂತೆ ಹಿಡಿದು ಅವಳಿಗೆ ನೀಡಿದ.

"ಓದು. ಎಷ್ಟು ಕೆಟ್ಟದಿದ್ರೂ ಓದು."

ಪೆನ್ಸಿಲಿನ ಬರಹ, ಸಣ್ಣಗೆ, ಒತ್ತಾಗಿ. ಡರ್ವಲಾ ಕೊನೆಯ ಪುಟ ತೆರೆದು ಗಟ್ಟಿಯಾಗಿ ಓದಿದಳು.

"'ಸೋಮವಾರ, ನಾಲ್ಕೂ ಕಾಲು. ದಕ್ಕೆಯಲ್ಲಿ ಬಾರ್ಟ್ಲಿ. ತುಂಬ ಸಿಟ್ಟು. ಹತ್ತೊಂಬತ್ತಾಗಿದೆ, ಇನ್ನೊಂದು ಮನೆ ಬಾಕಿ ಇದೆ ಎಂದೆ. ಎರಡನೆಯ ಮಾತು ಕೇಳಿಸಿಕೊಳ್ಳಲಿಲ್ಲ.'"

ಮುದುಕ ಬೋನಿನ ಅಂಚು ಹಿಡಿದುಕೊಂಡ.

"'ಐದೂ ಹತ್ತು. ಶಾಲೆ. ನೆಸ್ಟರ್‌ನ ಮಗಳು ಲಿಗಾಯಾ, ಎಂಟು ವರ್ಷ; ಅಪ್ಪ ಬರುವವರೆಗೆ ಇಲ್ಲೇ ಇರುತ್ತಾಳೆ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನ ಜೊತೆ ಯಾವ ಮಾತು ಎಂದು ಕೇಳಿದೆ. ಉತ್ತರ ಹೇಳುವ ಮೊದಲು ನನ್ನ ಕಾರ್ಕ್ ಉಚ್ಚಾರ ತಿದ್ದಿದಳು. ಅಪ್ಪನಿಗೆ ದಿನಾ ಹತ್ತು ಪದ ಕಲಿಸುತ್ತಾಳಂತೆ. ತಪ್ಪಿದರೆ ಆಲೂಗಡ್ಡೆ ಇಲ್ಲ. ಒಂದು ತಿಂಗಳಿಂದ ಇವರ ಮನೆಯನ್ನು ಗಮನಿಸಿದ್ದೇನೆ, ಸಂಶಯವೇ ಇಲ್ಲ.'"

ಅವಳು ಪುಟವನ್ನು ಬೆಳಕಿಗೆ ಹಿಡಿದಳು.

"ಮುಂದೆ?" ಎಂದ ಬಾರ್ಟ್ಲಿ.

"'ಇಪ್ಪತ್ತು.'"

ಇಪ್ಪತ್ತನೆಯ ಮನೆ ನೆಸ್ಟರ್‌ನದು. ದ್ವೀಪವನ್ನು ಉಳಿಸಿದ ಮನೆಯ ಯಜಮಾನನನ್ನು ದ್ವೀಪ ಉಳಿಸಲೆಂದು ಬಾರ್ಟ್ಲಿ ಜೈಲಿಗೆ ಕಳಿಸಿದ್ದ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ.

ಡರ್ವಲಾಳ ತಲೆ ಬೇರೆ ಲೆಕ್ಕದಲ್ಲಿತ್ತು. ಐದೂ ಹತ್ತು. ಆ ಹೊತ್ತಿಗೆ ನೆಸ್ಟರ್ ಆಚೆ ದಡದ ಅಂಗಡಿಯಲ್ಲಿ ಮೇವು ತುಂಬಿಸುತ್ತಿದ್ದ, ಅಂಗಡಿಯವಳು ನೋಡಿದ್ದಾಳೆ. ಸಾವು ನಾಲ್ಕಕ್ಕೆ ಎಂದು ಎಲ್ಲರೂ ನಂಬಿದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಗ್ಯಾವಿನ್, ಗಾಲ್ವೇಗೆ ರೇಡಿಯೋ ಮಾಡು. ಫಿನ್‌ಬಾರ್ ಐದೂ ಹತ್ತಕ್ಕೆ ದ್ವೀಪದಲ್ಲಿ ಜೀವಂತ ಇದ್ದ. ಅವನದೇ ಕೈಬರಹ ಸಿಕ್ಕಿದೆ ಅಂತ ಹೇಳು."

ಗ್ಯಾವಿನ್ ದೋಣಿಯ ಕಡೆ ಓಡಿದ. ಅವಳು ಮತ್ತೆ ಪುಟ ನೋಡಿದಳು. 'ಇಪ್ಪತ್ತು' ಎಂಬುದರ ಕೆಳಗೆ, ಅವಸರದ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಇದನ್ನು ಅವಳು ಗಟ್ಟಿಯಾಗಿ ಓದಲಿಲ್ಲ.

'ಟೀಚರಿಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ದಕ್ಕೆಯವರೆಗೆ ಬಿಡುತ್ತೇನೆ ಎನ್ನುತ್ತಿದ್ದಾರೆ; ಬಂಡೆಯ ಮೇಲಿನ ದಾರಿ ಹತ್ತಿರವಂತೆ. ಮಗು ಕಿಟಕಿಯಿಂದ ಕೈ ಬೀಸುತ್ತಿದೆ.'

ಅವಳು ಅದನ್ನು ಎರಡು ಸಲ ಓದಿದಳು. ದ್ವೀಪ ಉಳಿಯಿತು ಎಂಬ ಸುದ್ದಿ ಕೇಳಿ ನೋರೀನ್ ಟೀಚರಿಗೆ ಸಂತೋಷವಾಗದೆ ಇದ್ದದ್ದು ಯಾಕೆ? ನಲವತ್ತು ವರ್ಷ ಅದಕ್ಕಾಗಿಯೇ ದುಡಿದವರು. ಇಪ್ಪತ್ತನೆಯದು ಹೊರಗಿನವರ ಮನೆ ಎಂದೇ? ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು. ಕಿಟಕಿಯಲ್ಲಿದ್ದ ಮಗು. ಅವರಿಬ್ಬರು ಒಟ್ಟಿಗೆ ಬಂಡೆಯ ಕಡೆ ಹೋದದ್ದನ್ನು ನೋಡಿದ ಒಂದೇ ಜೊತೆ ಕಣ್ಣು.

"ಬಾರ್ಟ್ಲಿ, ಲಿಗಾಯಾ ಎಲ್ಲಿ? ತಾಯಿ ಜೊತೆ ಗಾಲ್ವೇಲಿ ಇದ್ದಾಳಾ?"

"ಇಲ್ಲ. ತಾಯಿಗೆ ಆಸ್ಪತ್ರೆ ಕೆಲಸ, ಕೋರ್ಟು, ಎರಡೂ ಆಗಿದೆ. ಮಗು ಮಂಗಳವಾರದಿಂದ ನೋರೀನ್ ಹತ್ರಾನೇ ಇದೆ."

ಡರ್ವಲಾ ಮೇಲೆ ನೋಡಿದಳು. ಶಾಲೆಯ ಅಂಗಳ ಖಾಲಿ. ಬಾಗಿಲು ಮುಚ್ಚಿತ್ತು. ಶುಕ್ರವಾರ, ಹನ್ನೊಂದೂವರೆ.

"ಇವತ್ತು ರಜ ಕೊಟ್ಟಳಲ್ಲ," ಎಂದ ಬಾರ್ಟ್ಲಿ. "ಮಗೂಗೆ ಅಪ್ಪನ್ನ ತೋರಿಸ್ಕೊಂಡು ಬರ್ತೀನಿ ಅಂತ ತನ್ನ ಹುಟ್ಟು ಹಾಕೋ ದೋಣೀಲಿ ಕೂರಿಸ್ಕೊಂಡ್ಲು. ನಾನೇ ಹಗ್ಗ ಬಿಚ್ಚಿಕೊಟ್ಟೆ. ಹತ್ತೂ ಕಾಲಾಗಿತ್ತು."

"ಹೇಗೆ ಹೋಗ್ತೀನಿ ಅಂದ್ರು? ಅದೇ ಪದ ಹೇಳಿ."

"ಅನೂನ್," ಎಂದ ಮುದುಕ. "ಆಚೆ ದಡಕ್ಕೆ. ನಡುನೀರಲ್ಲಿ ನಿಮಗೇ ಎದುರು ಸಿಕ್ಕಿರ್ಬೇಕಲ್ಲ."

ಡರ್ವಲಾ ತಿರುಗಿ ತಾನು ಬಂದ ನೀರನ್ನು ನೋಡಿದಳು. ಅದು ಹತ್ತೂವರೆಗೆ ಇದ್ದಂತೆಯೇ ಇತ್ತು. ದಡದಿಂದ ದಡದವರೆಗೆ, ಖಾಲಿ.